ವಿಡಾಲ್ ಪಾಸಿಟಿವ್ ಎಂದರೆ ಟೈಫಾಯ್ಡ್ ಎಂದೇ?

ಮೂರು ದಿನ ಬಿಡದ ಜ್ವರ, ತಲೆನೋವು, ಬಾಯಿಗೆ ರುಚಿಯಿಲ್ಲ. ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರಿಗಿರುವ ಯಾವ ಲ್ಯಾಬಿಗೆ ಹೋದರೂ ಒಂದೆರಡು ಗಂಟೆಯಲ್ಲಿ ಚೀಟಿಯೊಂದು ಕೈಗೆ ಬರುತ್ತದೆ: ‘ಎಸ್. ಟೈಫಿ ಓ – 1:160, ಎಚ್ – 1:160’. ಕೆಳಗೆ ‘ವಿಡಾಲ್ ಪಾಸಿಟಿವ್’ ಎಂಬ ಷರಾ. ಅಲ್ಲಿಗೆ ಕಾಯಿಲೆಗೆ ಹೆಸರು ಸಿಕ್ಕಿತು. ಐದೋ ಏಳೋ ದಿನದ ಇಂಜೆಕ್ಷನ್ ಕೋರ್ಸು, ಗಂಜಿ, ಬ್ರೆಡ್ಡು, ಎಳನೀರು ಶುರುವಾಯಿತು. ಮುಂದಿನ ಮಳೆಗಾಲಕ್ಕೆ ಮತ್ತೆ ಜ್ವರ, ಮತ್ತೆ ಚೀಟಿ, ಮತ್ತೆ ಅದೇ ಷರಾ. ‘ನಮ್ಮ ಹುಡುಗನಿಗೆ ವರ್ಷಕ್ಕೊಂದು ಸಲ ಟೈಫಾಯ್ಡ್ ಬಂದೇ ಬರುತ್ತೆ’ ಎಂಬ ಮಾತು ಕೇಳದ ಊರು ನಮ್ಮಲ್ಲಿ ಕಡಿಮೆ. ವರ್ಷಕ್ಕೊಮ್ಮೆ ಬರುತ್ತಿರುವುದು ಟೈಫಾಯ್ಡೋ, ಆ ಚೀಟಿಯೋ? ರೋಗಾಣುವನ್ನು ಗುರುತಿಸುವ ಪ್ರತಿಯೊಂದು ಪರೀಕ್ಷೆಯೂ ಒಂದು ಪ್ರಶ್ನೆ. ಅದನ್ನು ಯಾರಿಗೆ ಹಾಕಿದ್ದು, ಏನೆಂದು ಕೇಳಿದ್ದು ಎಂಬುದನ್ನು ನೋಡದೆ ಉತ್ತರವನ್ನಷ್ಟೇ ಓದಿದರೆ, ‘ಎತ್ತು ಈಯಿತು’ ಎಂದವರಿಗೆ ‘ಕೊಟ್ಟಿಗೆಗೆ ಕಟ್ಟು’ ಎಂದ ಹಾಗಾಗುತ್ತದೆ. ಕರುಳಿನ ರೋಗಾಣುಗಳ ವಿಷಯದಲ್ಲಿ ನಾವು ಬಹುಕಾಲದಿಂದ ಮಾಡುತ್ತಿರುವುದು ಅದನ್ನೇ ಎಂಬುದು ನನ್ನ ವಾದ.

ಕನ್ನಡದಲ್ಲಿ ವಿಷಮಶೀತ ಜ್ವರ ಎಂದು ಕರೆಯುವ ಈ ಕಾಯಿಲೆಯನ್ನು ತರುವುದು ಸಾಲ್ಮೊನೆಲ್ಲಾ ಟೈಫಿ ಎಂಬ ಕಡ್ಡಿಯಾಕಾರದ ಬ್ಯಾಕ್ಟೀರಿಯಾ. 1880ರಲ್ಲಿ ಕಾರ್ಲ್ ಎಬರ್ಟ್ ಇದನ್ನು ಸತ್ತ ರೋಗಿಗಳ ಗುಲ್ಮದಲ್ಲಿ ಸೂಕ್ಷ್ಮದರ್ಶಕದಡಿ ಕಂಡರು. 1884ರಲ್ಲಿ ರಾಬರ್ಟ್ ಕಾಖ್ ಅವರ ಸಹಾಯಕ ಗ್ಯಾಫ್ಕಿ ಪ್ರಯೋಗಾಲಯದಲ್ಲಿ ಬೆಳೆಸಿ ತೋರಿಸಿದರು. ಮನುಷ್ಯನನ್ನು ಬಿಟ್ಟರೆ ಇದಕ್ಕೆ ಬೇರೆ ಮನೆಯಿಲ್ಲ. ಒಬ್ಬರ ಮಲದಿಂದ ನೀರಿಗೆ, ನೀರಿನಿಂದ ಇನ್ನೊಬ್ಬರ ಬಾಯಿಗೆ ಹೋಗುತ್ತದೆ. ಸಣ್ಣ ಕರುಳಿನ ಗೋಡೆ ದಾಟಿ ರಕ್ತಕ್ಕಿಳಿದು ಪಿತ್ತಜನಕಾಂಗ, ಗುಲ್ಮ, ಮೂಳೆಮಜ್ಜೆಗಳಲ್ಲಿ ತಳವೂರುತ್ತದೆ. ಪಿತ್ತಕೋಶದ ಮೂಲಕ ಮತ್ತೆ ಕರುಳಿಗೆ ಬರುತ್ತದೆ. ಹೆಸರಿಗೆ ಕರುಳಿನ ರೋಗಾಣುವಾದರೂ ಮೊದಲ ವಾರ ಅದರ ಸುಳಿವು ಸಿಗಬೇಕಾದ್ದು ರಕ್ತದಲ್ಲಿ. ಎಷ್ಟೋ ರೋಗಿಗಳಿಗೆ ಭೇದಿಯೇ ಆಗುವುದಿಲ್ಲ, ಮಲಬದ್ಧತೆ ಇರುತ್ತದೆ. ಇನ್ನು ರಕ್ತದಲ್ಲಿಯಾದರೂ ಅದು ಹೇರಳವಾಗಿದೆಯೇ ಎಂದರೆ ಅದೂ ಇಲ್ಲ. ವಿಯೆಟ್ನಾಂನಲ್ಲಿ ವೈದ್ಯರು ಎಣಿಸಿ ನೋಡಿದಾಗ ರೋಗಿಯ ಒಂದು ಮಿಲಿಲೀಟರ್ ರಕ್ತದಲ್ಲಿ ಸಿಕ್ಕಿದ್ದು ಹೆಚ್ಚುಕಡಿಮೆ ಒಂದೇ ಒಂದು ಜೀವಂತ ಬ್ಯಾಕ್ಟೀರಿಯಾ. ಅದೇ ಒಂದು ಮಿಲಿಲೀಟರಿನಲ್ಲಿ ಕೆಂಪು ರಕ್ತಕಣಗಳು ಸುಮಾರು 500 ಕೋಟಿ ಇರುತ್ತವೆ. ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ಮಲೇರಿಯಾ ಹುಡುಕಿದ ಹಾಗೆ ಟೈಫಾಯ್ಡನ್ನು ಹುಡುಕಲು ಏಕೆ ಆಗುವುದಿಲ್ಲ ಎಂಬುದಕ್ಕೆ ಈ ಎರಡು ಸಂಖ್ಯೆ ಸಾಕು. ಇರುವ ಒಂದನ್ನು ಕೋಟಿಯಾಗಿ ಬೆಳೆಸಿಯೇ ನೋಡಬೇಕು. ಲ್ಯಾಬಿನವರು ಕಲ್ಚರ್ ಎನ್ನುವುದು ಇದಕ್ಕೇ.

ಮಲದಲ್ಲಿ ತೊಂದರೆ ತದ್ವಿರುದ್ಧ. ಅಲ್ಲಿ ಒಂದು ಗ್ರಾಮಿನಲ್ಲಿ ಸುಮಾರು ಹತ್ತು ಸಾವಿರ ಕೋಟಿ ಬ್ಯಾಕ್ಟೀರಿಯಾ ಇರುತ್ತವೆ, ಬಹುಪಾಲು ನಿರುಪದ್ರವಿಗಳು, ಕೆಲವು ಉಪಕಾರಿಗಳು. ಆ ಜಾತ್ರೆಯಲ್ಲಿ ಕಳ್ಳನನ್ನು ಮುಖ ನೋಡಿ ಹಿಡಿಯುವಂತಿಲ್ಲ, ಸೂಕ್ಷ್ಮದರ್ಶಕದಲ್ಲಿ ಈ. ಕೋಲಿ, ಸಾಲ್ಮೊನೆಲ್ಲಾ, ಶಿಗೆಲ್ಲಾ ಮೂರೂ ಗುಲಾಬಿ ಬಣ್ಣದ ಒಂದೇ ಥರದ ಕಡ್ಡಿಗಳು. ಹಾಗಾಗಿ ರೂಪ ಬಿಟ್ಟು ನಡತೆಯನ್ನು ಕೇಳಬೇಕಾಯಿತು: ಏನು ತಿನ್ನುತ್ತೀಯ, ತಿಂದು ಏನು ಬಿಡುತ್ತೀಯ, ಯಾವುದನ್ನು ತಾಳಿಕೊಳ್ಳುತ್ತೀಯ? ಈ ಪ್ರಶ್ನೋತ್ತರಕ್ಕೆ ವೇದಿಕೆ ಒದಗಿಸಿದ್ದು ಅಡುಗೆಮನೆ. ಕಾಖ್ ಅವರ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಬಳಸುತ್ತಿದ್ದ ಜೆಲಾಟಿನ್, ದೇಹದ ಶಾಖಕ್ಕೆ ಅಂದರೆ 37 ಡಿಗ್ರಿಗೆ ಕರಗಿ ನೀರಾಗುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಅವರ ಪತ್ನಿ ಫ್ಯಾನಿ ಹೆಸ್ಸೆ 1881ರ ಸುಮಾರಿಗೆ, ತಾವು ಜೆಲ್ಲಿ ಮಾಡಲು ಬಳಸುತ್ತಿದ್ದ ಅಗರ್ ಅಗರ್ ಹಾಕಿ ನೋಡಿ ಎಂದರು. ಕಡಲಪಾಚಿಯಿಂದ ತೆಗೆದ ಈ ಅಂಟು ಕುದಿಸಿದರೆ ಕರಗುತ್ತದೆ, ಆರಿದರೆ ಹೆಪ್ಪುಗಟ್ಟುತ್ತದೆ, ಆಮೇಲೆ 37 ಡಿಗ್ರಿಗೆ ಜಗ್ಗುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ಮಾರುವ, ಹಬ್ಬಕ್ಕೆ ಹಾಲಿನ ಪುಡ್ಡಿಂಗ್ ಮಾಡುವ ಪದಾರ್ಥವೇ ಇದು. ಸೂಕ್ಷ್ಮಾಣುಶಾಸ್ತ್ರದಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಮಾಡಿದ ವಸ್ತು ಮತ್ತೊಂದಿಲ್ಲ. ಆದರೂ ಫ್ಯಾನಿ ಅವರ ಹೆಸರು ಯಾವ ತಟ್ಟೆಗೂ ಬರಲಿಲ್ಲ, 1887ರಲ್ಲಿ ಮುಚ್ಚಳದ ತಟ್ಟೆ ಮಾಡಿದ ಪೆಟ್ರಿ ಅವರ ಹೆಸರು ಉಳಿಯಿತು.

ಅಗರ್‌ನಲ್ಲಿ ಏನು ಬೆರೆಸುತ್ತೀರಿ ಎಂಬುದರಲ್ಲಿ ಪ್ರಶ್ನೆ ಅಡಗಿದೆ. 1905ರಲ್ಲಿ ಆಲ್ಫ್ರೆಡ್ ಮ್ಯಾಕಾಂಕಿ ರೂಪಿಸಿದ ಮಾಧ್ಯಮ ಇವತ್ತಿಗೂ ಕಲ್ಚರ್ ಮಾಡುವ ಲ್ಯಾಬುಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ ಪಿತ್ತದ ಲವಣವಿದೆ: ಕರುಳಿನಲ್ಲಿ ಬಾಳಿ ಅಭ್ಯಾಸವಿಲ್ಲದ ಬಹಳಷ್ಟು ಬ್ಯಾಕ್ಟೀರಿಯಾಗಳು ಅಲ್ಲೇ ಮುರುಟಿಹೋಗುತ್ತವೆ. ಹಾಲಿನ ಸಕ್ಕರೆ ಲ್ಯಾಕ್ಟೋಸ್ ಇದೆ, ಹುಳಿಯಾದರೆ ಕೆಂಪಾಗುವ ಬಣ್ಣವಿದೆ. ಮಲವನ್ನು ಇದರ ಮೇಲೆ ತಂತಿಯ ಕುಣಿಕೆಯಿಂದ ಗೀಚಿ ರಾತ್ರಿಯಿಡೀ ಬೆಚ್ಚಗಿಟ್ಟರೆ, ಲ್ಯಾಕ್ಟೋಸ್ ತಿಂದು ಹುಳಿ ಬಿಡುವ ಈ. ಕೋಲಿ ಗುಲಾಬಿ ಚುಕ್ಕೆಗಳಾಗಿ ಏಳುತ್ತದೆ. ಲ್ಯಾಕ್ಟೋಸ್ ಮುಟ್ಟದ ಸಾಲ್ಮೊನೆಲ್ಲಾ, ಶಿಗೆಲ್ಲಾಗಳು ಬಣ್ಣಗೇಡಿ ಚುಕ್ಕೆಗಳಾಗಿ ಉಳಿಯುತ್ತವೆ. ಆ ಬಣ್ಣವಿಲ್ಲದ ಚುಕ್ಕೆಯೊಂದನ್ನು ಎತ್ತಿ, ಪ್ರನಾಳದಲ್ಲಿ ಓರೆಯಾಗಿ ಹೆಪ್ಪುಗಟ್ಟಿಸಿದ ಮೂರು ಸಕ್ಕರೆಗಳ ಅಗರ್‌ಗೆ ಚುಚ್ಚುತ್ತಾರೆ. ಮರುದಿನ ಅದನ್ನು ಓದುವುದು ಜಾತಕ ಓದಿದಂತೆ, ಒಂದೇ ವ್ಯತ್ಯಾಸ, ಇಲ್ಲಿ ಪ್ರತಿ ಬಣ್ಣಕ್ಕೂ ಕಾರಣವಿದೆ. ತಳ ಹಳದಿಯಾದರೆ ಗ್ಲೂಕೋಸ್ ತಿಂದಿದೆ. ಮೇಲ್ಭಾಗ ಕೆಂಪಾಗಿಯೇ ಇದ್ದರೆ ಉಳಿದೆರಡು ಸಕ್ಕರೆ ಮುಟ್ಟಿಲ್ಲ. ಅಗರ್ ಬಿರುಕು ಬಿಟ್ಟಿದ್ದರೆ ಅನಿಲ ಬಿಟ್ಟಿದೆ. ಕಪ್ಪಾಗಿದ್ದರೆ ಗಂಧಕದ ಅನಿಲ ಬಿಟ್ಟು ಕಬ್ಬಿಣದ ಲವಣವನ್ನು ಕರಿ ಮಾಡಿದೆ. ಸಾಲ್ಮೊನೆಲ್ಲಾ ಕುಲದ ಬಹುತೇಕ ಸದಸ್ಯರು ಪ್ರನಾಳವನ್ನು ಕರಿಬಳಿದು ಅಗರ್ ಸೀಳುತ್ತಾರೆ. ಟೈಫಿ ಮಾತ್ರ ಅನಿಲ ಬಿಡದೆ, ಕೆಂಪು-ಹಳದಿ ಸೇರುವ ಕಡೆ ಮೀಸೆಯಂಥ ತೆಳುವಾದ ಕಪ್ಪುಗೆರೆಯೊಂದನ್ನು ಎಳೆದು ಸುಮ್ಮನಾಗುತ್ತದೆ. ಚಲಿಸುತ್ತದೆಯೇ? ಟೈಫಿ ಚಲಿಸುತ್ತದೆ, ಶಿಗೆಲ್ಲಾ ಚಲಿಸುವುದಿಲ್ಲ. ಯೂರಿಯಾ ಒಡೆಯುತ್ತದೆಯೇ? ಒಡೆದರೆ ಅದು ಪ್ರೋಟಿಯಸ್, ಕಡೆಗಿಡಿ. ಒಂದೊಂದು ಪ್ರಶ್ನೆಯೂ ಸಣ್ಣದು, ಒಂದರಿಂದಲೇ ಯಾವುದೂ ತೀರ್ಮಾನವಾಗುವುದಿಲ್ಲ. ಹತ್ತಾರು ಸೇರಿದಾಗ ಒಂದೇ ಒಂದು ಹೆಸರು ಉಳಿಯುತ್ತದೆ.

ಕೊನೆಯ ಪ್ರಶ್ನೆಯನ್ನು ಪ್ರತಿಕಾಯಗಳಿಂದ ಕೇಳುತ್ತಾರೆ, ನಮ್ಮ ಚೀಟಿಯ ಗೊಂದಲದ ಬೇರು ಇರುವುದೂ ಇಲ್ಲೇ. ಒಂದು ನಿರ್ದಿಷ್ಟ ರೋಗಾಣುವಿಗೆ ಎದುರಾಗಿ ಪ್ರಾಣಿಯ ದೇಹದಲ್ಲಿ ತಯಾರಾದ ಪ್ರತಿಕಾಯವಿರುವ ಸೀರಮ್ಮನ್ನು ಅದೇ ರೋಗಾಣುವಿನ ಜೊತೆ ಗಾಜಿನ ಪಟ್ಟಿಯ ಮೇಲೆ ಬೆರೆಸಿದರೆ, ಹಾಲು ಒಡೆದ ಹಾಗೆ ಅದು ಕಣ್ಣೆದುರೇ ಗುಪ್ಪೆಗಟ್ಟುತ್ತದೆ. 1896ರಲ್ಲಿ ವಿಯೆನ್ನಾದಲ್ಲಿ ಮ್ಯಾಕ್ಸ್ ಗ್ರೂಬರ್ ಮತ್ತು ಹರ್ಬರ್ಟ್ ಡರ್ಹಾಮ್ ಇದನ್ನು ವಿವರಿಸಿದಾಗ ಅವರ ಉದ್ದೇಶ ಸ್ಪಷ್ಟವಾಗಿತ್ತು: ಸೀರಮ್ ಗೊತ್ತಿರುವುದು, ಬ್ಯಾಕ್ಟೀರಿಯಾ ಗೊತ್ತಿಲ್ಲದ್ದು, ಗೊತ್ತಿರುವುದರಿಂದ ಗೊತ್ತಿಲ್ಲದ್ದನ್ನು ಹೆಸರಿಸು. ಅದೇ ವರ್ಷ ಪ್ಯಾರಿಸ್ಸಿನ ಫರ್ನಾಂಡ್ ವಿಡಾಲ್ ಈ ಪ್ರಶ್ನೆಯನ್ನು ತಿರುಗಿಸಿ ಹಾಕಿದರು. ಬ್ಯಾಕ್ಟೀರಿಯಾ ಗೊತ್ತಿರುವ ಟೈಫಿ, ಸೀರಮ್ ರೋಗಿಯದು. ಗುಪ್ಪೆಗಟ್ಟಿದರೆ ರೋಗಿಯ ಮೈಯಲ್ಲಿ ಟೈಫಿ ವಿರುದ್ಧ ಪ್ರತಿಕಾಯವಿದೆ, ಆದ್ದರಿಂದ ಟೈಫಾಯ್ಡ್ ಇದೆ. ಕಲ್ಚರ್ ಇನ್ನೂ ಅಂಬೆಗಾಲಿಡುತ್ತಿದ್ದ ಆ ಕಾಲಕ್ಕೆ ಇದು ಅದ್ಭುತವಾದ ಯುಕ್ತಿಯೇ ಸರಿ. ಆದರೆ ಎರಡು ಪರೀಕ್ಷೆಗಳೂ ಒಂದೇ ಥರ ಕಂಡರೂ, ಒಂದು ಕಳ್ಳನನ್ನೇ ಎದುರಿಗೆ ನಿಲ್ಲಿಸಿಕೊಂಡು ಕೇಳುತ್ತದೆ. ಇನ್ನೊಂದು ಮನೆಯವರನ್ನು ‘ನಿಮ್ಮ ಮನೆಗೆ ಎಂದಾದರೂ ಕಳ್ಳ ಬಂದಿದ್ದನೇ’ ಎಂದು ಕೇಳುತ್ತದೆ. ವಿಡಾಲ್ ಪರೀಕ್ಷೆ ಕೆದಕುವುದು ದೇಹದ ನೆನಪನ್ನು.

ನೆನಪಿಗೆ ಇರುವ ದೋಷಗಳೆಲ್ಲ ಅದಕ್ಕಿವೆ. ನೆನಪು ಹುಟ್ಟಲು ಹೊತ್ತು ಬೇಕು. ಪ್ರತಿಕಾಯ ಅಳತೆಗೆ ಸಿಗುವ ಮಟ್ಟಕ್ಕೇರಲು ವಾರ ಹತ್ತು ದಿನ ಹಿಡಿಯುವುದರಿಂದ, ಜ್ವರದ ಮೂರನೆಯ ದಿನ ನಿಜವಾದ ಟೈಫಾಯ್ಡ್ ರೋಗಿಯಲ್ಲೂ ವಿಡಾಲ್ ನೆಗೆಟಿವ್ ಬರಬಹುದು. ನೆನಪು ಬೇಗ ಮಾಸುವುದೂ ಇಲ್ಲ. ಹಿಂದಿನ ವರ್ಷದ ಸೋಂಕು, ಲಸಿಕೆ, ಗೊತ್ತೇ ಆಗದೆ ಬಂದುಹೋದ ಸಣ್ಣ ಸೋಂಕು ಎಲ್ಲವೂ ತಿಂಗಳುಗಟ್ಟಲೆ ಗುರುತು ಉಳಿಸಿರುತ್ತವೆ. ನೆನಪು ಒಬ್ಬರನ್ನು ಇನ್ನೊಬ್ಬರೆಂದು ಭ್ರಮಿಸುತ್ತದೆ: ಟೈಫಿಯ ಮೈಮೇಲಿನ ಪ್ರತಿಜನಕಗಳಲ್ಲಿ ಕೆಲವು ಭೇದಿ ತರುವ ಬೇರೆ ಸಾಲ್ಮೊನೆಲ್ಲಾಗಳಲ್ಲೂ ಇವೆ, ಮಲೇರಿಯಾ, ಡೆಂಗಿಯಂಥ ಜ್ವರಗಳೂ ಹಳೆಯ ಪ್ರತಿಕಾಯಗಳನ್ನು ಕೆರಳಿಸಿ ಮೇಲೇರಿಸುತ್ತವೆ. ಚೀಟಿಯಲ್ಲಿರುವ ಓ ಮತ್ತು ಎಚ್ ಎಂಬ ಅಕ್ಷರಗಳೂ ಇಂಥದೇ ಒಂದು ಹಳೆಯ ನೆನಪು. ಚಲಿಸುವ ಪ್ರೋಟಿಯಸ್ ಬ್ಯಾಕ್ಟೀರಿಯಾ ಅಗರ್ ಮೇಲೆ ಕನ್ನಡಿಗೆ ಬಿಟ್ಟ ಉಸಿರಿನ ಮಂಜಿನಂತೆ ಹರಡುವುದನ್ನು ಕಂಡ ವಿಜ್ಞಾನಿಗಳು ಅದನ್ನು ಜರ್ಮನ್ ಭಾಷೆಯಲ್ಲಿ ‘ಹೌಖ್’, ಉಸಿರು, ಎಂದರು. ಹರಡದ್ದನ್ನು ‘ಓನೆ ಹೌಖ್’, ಉಸಿರಿಲ್ಲದ್ದು, ಎಂದರು. ಅದರ ಮೊದಲಕ್ಷರಗಳೇ ಇಂದಿಗೂ ನಮ್ಮ ರಿಪೋರ್ಟುಗಳಲ್ಲಿವೆ. ಎಚ್ ಬಾಲದ ಪ್ರತಿಜನಕ, ಓ ಮೈಯದು. 1:160 ಎಂದರೆ ಸೀರಮ್ಮನ್ನು ಅಷ್ಟು ಪಟ್ಟು ತೆಳುವಾಗಿಸಿದರೂ ಗುಪ್ಪೆಗಟ್ಟಿತು ಎಂದು. ಸರಿಯಾಗಿ ಮಾಡುವುದಾದರೆ ವಾರ ಹತ್ತು ದಿನಗಳ ಅಂತರದಲ್ಲಿ ಎರಡು ಬಾರಿ ರಕ್ತ ತೆಗೆದು, ಪ್ರತಿಕಾಯ ನಾಲ್ಕು ಪಟ್ಟು ಏರಿದೆಯೇ ಎಂದು ನೋಡಬೇಕು. ಅಷ್ಟರಲ್ಲಿ ರೋಗಿ ಒಂದೋ ಗುಣವಾಗಿರುತ್ತಾನೆ, ಇಲ್ಲವೇ ದೊಡ್ಡಾಸ್ಪತ್ರೆ ಸೇರಿರುತ್ತಾನೆ. ಎರಡನೆಯ ಬಾರಿ ರಕ್ತ ಕೊಡಲು ಯಾರೂ ಬರುವುದಿಲ್ಲ. ಹಾಗಾಗಿ ಒಂದೇ ಚೀಟಿಯ ಮೇಲೆ ಎಲ್ಲವೂ ನಡೆಯುತ್ತದೆ.

ಒಂದು ಲೆಕ್ಕ ಹಾಕೋಣ, ಬರೀ ಉದಾಹರಣೆಗಾಗಿ. ಜ್ವರವೆಂದು ಬಂದ 1,000 ಜನರಲ್ಲಿ 50 ಜನರಿಗೆ ನಿಜವಾಗಿ ಟೈಫಾಯ್ಡ್ ಇದೆ ಎಂದುಕೊಳ್ಳಿ. ಪರೀಕ್ಷೆ ಟೈಫಾಯ್ಡ್ ಇರುವವರಲ್ಲಿ ನೂರಕ್ಕೆ 70 ಜನರನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ನೂರಕ್ಕೆ 80 ಜನರಿಗೆ ಇಲ್ಲವೆಂದು ಸರಿಯಾಗಿ ಹೇಳುತ್ತದೆ ಎಂದಿಟ್ಟುಕೊಳ್ಳಿ. ಕೇಳಲು ಪರವಾಗಿಲ್ಲ ಎನಿಸುವ ಅಂಕಗಳೇ. ಈಗ 50ರಲ್ಲಿ 35 ಜನ ಪಾಸಿಟಿವ್ ಆದರು. ಉಳಿದ 950ರಲ್ಲಿ ನೂರಕ್ಕೆ 20ರಂತೆ 190 ಜನರೂ ಪಾಸಿಟಿವ್ ಆದರು. ಒಟ್ಟು 225 ಚೀಟಿಗಳಲ್ಲಿ ನಿಜವಾದವು 35, ಅಂದರೆ ಸುಮಾರು ಆರರಲ್ಲಿ ಒಂದು. ಪರೀಕ್ಷೆ ಸುಳ್ಳು ಹೇಳಿತು ಎನ್ನುವಂತಿಲ್ಲ. ಕಾಯಿಲೆ ವಿರಳವಾಗಿರುವ ಗುಂಪಿನಲ್ಲಿ ಅಷ್ಟೇನೂ ಖಚಿತವಲ್ಲದ ಪ್ರಶ್ನೆ ಕೇಳಿದರೆ ಬರುವ ಉತ್ತರವೇ ಅಂಥದು. ಆ 190 ಜನರಿಗೆ ಬಂದಿದ್ದು ಏನು? ಹಲವರಿಗೆ ತಾನಾಗಿ ಇಳಿಯುವ ವೈರಸ್ ಜ್ವರ. ಅವರು ಇಂಜೆಕ್ಷನ್ ಚುಚ್ಚಿಸಿಕೊಂಡು ಗುಣವಾಗುತ್ತಾರೆ, ಇಂಜೆಕ್ಷನ್ನಿಗೆ ಹೆಸರು ಬರುತ್ತದೆ. ಕೆಲವರಿಗೆ ಇಲಿ ಜ್ವರ ಅಥವಾ ಸ್ಕ್ರಬ್ ಟೈಫಸ್. ಕರಾವಳಿ ಮಲೆನಾಡುಗಳಲ್ಲಿ ಇವೆರಡೂ ಅಪರೂಪವಲ್ಲ. ಪೊದೆಗಳಲ್ಲಿರುವ ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್‌ಗೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆ ಕೆಲಸ ಮಾಡುತ್ತದೆ. ಟೈಫಾಯ್ಡ್‌ಗೆ ಕೊಡುವ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಕೆಲಸ ಮಾಡುವುದಿಲ್ಲ. ತಪ್ಪು ಹೆಸರಿನಡಿ ಕಳೆದ ಐದು ದಿನ ಅಲ್ಲಿ ದುಬಾರಿ.

ಇನ್ನೊಂದು ನಷ್ಟ ಒಬ್ಬ ರೋಗಿಯದಲ್ಲ, ಎಲ್ಲರದು. ವಿಡಾಲ್ ಚೀಟಿ ಹೆಸರು ಹೇಳುತ್ತದೆ, ಆದರೆ ಯಾವ ಔಷಧಕ್ಕೆ ರೋಗಾಣು ಬಗ್ಗುತ್ತದೆ ಎಂದು ಹೇಳಲಾರದು, ಏಕೆಂದರೆ ಅಲ್ಲಿ ರೋಗಾಣುವೇ ಇಲ್ಲ. ಕಲ್ಚರ್‌ನಲ್ಲಿ ಸಿಕ್ಕ ಜೀವಂತ ಬ್ಯಾಕ್ಟೀರಿಯಾವನ್ನು ಅಗರ್ ಮೇಲೆ ಹುಲ್ಲಿನ ಹಾಸಿನಂತೆ ಹರಡಿ, ಔಷಧ ಹೀರಿದ ಕಾಗದದ ಬಿಲ್ಲೆಗಳನ್ನಿಟ್ಟು, ಮರುದಿನ ಬಿಲ್ಲೆಯ ಸುತ್ತ ಎಷ್ಟು ಮಿಲಿಮೀಟರ್ ಬೋಳಾಗಿದೆ ಎಂದು ಅಳೆದರೆ ಆ ಉತ್ತರ ಸಿಗುತ್ತದೆ. ಟೈಫಾಯ್ಡ್‌ನ ಇತಿಹಾಸವೆಲ್ಲ ಈ ಬೋಳು ವೃತ್ತ ಕಿರಿದಾಗುತ್ತ ಹೋದ ಕಥೆ. ಕ್ಲೋರಾಂಫೆನಿಕಾಲ್‌ಗೆ ಬಗ್ಗದ ಟೈಫಿ 1972ರಲ್ಲಿ ನಮ್ಮ ನೆರೆಯ ಕಲ್ಲಿಕೋಟೆಯಲ್ಲಿ ಹಾವಳಿ ಎಬ್ಬಿಸಿತು. 1990ರ ಹೊತ್ತಿಗೆ ಮೂರು ಹಳೆಯ ಔಷಧಗಳಿಗೂ ಬಗ್ಗದ ತಳಿ ದೇಶದಲ್ಲಿ ಹರಡಿತ್ತು. ಆಗ ಎಲ್ಲರೂ ಸಿಪ್ರೊಫ್ಲಾಕ್ಸಾಸಿನ್‌ಗೆ ಹೊರಳಿದರು. ಇವತ್ತು ಭಾರತದಲ್ಲಿ ಸಿಗುವ ಟೈಫಿಯಲ್ಲಿ ಹೆಚ್ಚಿನವು ಅದಕ್ಕೆ ಸರಿಯಾಗಿ ಬಗ್ಗುವುದಿಲ್ಲ. 2016ರ ನವೆಂಬರಿನಲ್ಲಿ ಹೈದರಾಬಾದಿನಲ್ಲಿ, ನಮ್ಮದಲ್ಲ, ಪಾಕಿಸ್ತಾನದ ಸಿಂಧ್ ಪ್ರಾಂತದ್ದು, ಸೆಫ್ಟ್ರಿಯಾಕ್ಸೋನ್‌ಗೂ ಸೊಪ್ಪು ಹಾಕದ ತಳಿ ಕಾಣಿಸಿಕೊಂಡಿತು. ಬಾಯಿಂದ ಕೊಡುವ ಔಷಧಗಳಲ್ಲಿ ಅಜಿತ್ರೊಮೈಸಿನ್ ಒಂದೇ ಉಳಿಯಿತು. ಆ ತಳಿಯ ಜೀನೋಮ್ ಓದಿದಾಗ, ಈ. ಕೋಲಿಯಂಥ ಕರುಳಿನ ನೆರೆಯವರಿಂದ ಪ್ರತಿರೋಧದ ಜೀನನ್ನು ಅದು ಪಡೆದುಕೊಂಡಿದ್ದು ಗೊತ್ತಾಯಿತು. ಇಷ್ಟನ್ನೂ ತಿಳಿಯಲು ಸಾಧ್ಯವಾದದ್ದು ಅಲ್ಲಿನ ಲ್ಯಾಬುಗಳು ರಕ್ತದ ಕಲ್ಚರ್ ಮಾಡುತ್ತಿದ್ದುದರಿಂದ. ಬರೀ ವಿಡಾಲ್ ನಂಬಿದ ಊರಿನಲ್ಲಿ ಅದೇ ತಳಿ ಬಂದಿದ್ದರೆ ಎಲ್ಲ ಚೀಟಿಗಳೂ ಎಂದಿನಂತೆ 1:160 ಎನ್ನುತ್ತಿದ್ದವು, ಅಷ್ಟೆ. ಈ ಕಥೆಗೆ ಒಂದು ಸಿಹಿ ತಿರುವೂ ಇದೆ. ದಶಕಗಟ್ಟಲೆ ಬಳಸದೆ ಬಿಟ್ಟಿದ್ದರಿಂದ ಕ್ಲೋರಾಂಫೆನಿಕಾಲ್‌ನಂಥ ಹಳೆಯ ಔಷಧಗಳಿಗೆ ಇಲ್ಲಿನ ಬಹಳಷ್ಟು ಟೈಫಿ ಮತ್ತೆ ಬಗ್ಗತೊಡಗಿವೆ. ಅದೂ ಬಿಲ್ಲೆಯ ಸುತ್ತ ಅಳತೆಪಟ್ಟಿ ಹಿಡಿದು ಕೂತವರಿಂದಲೇ ಗೊತ್ತಾದದ್ದು.

ವೈದ್ಯರು ಇದಕ್ಕೆ ಕೊಡುವ ಉತ್ತರ ಗೊತ್ತಿರುವಂಥದೇ. ಕಲ್ಚರ್ ರಿಪೋರ್ಟ್ ಬರಲು ಮೂರರಿಂದ ಐದು ದಿನ. ಎದುರಿಗೆ ನೂರಾನಾಲ್ಕು ಡಿಗ್ರಿ ಜ್ವರದ ಮಗು, ಅಳುವ ತಾಯಿ. ಕಾಯುತ್ತ ಕೂರಲಾದೀತೇ? ಆಗದು, ಕೂರಬೇಕಾಗಿಯೂ ಇಲ್ಲ. ಕಲ್ಚರ್ ಮತ್ತು ಚಿಕಿತ್ಸೆ ಒಂದಕ್ಕೊಂದು ಅಡ್ಡವಲ್ಲ. ಮೊದಲ ಆಂಟಿಬಯೋಟಿಕ್ ಕೊಡುವ ಮುನ್ನ ರಕ್ತ ತೆಗೆದು ಬಾಟಲಿಗೆ ಹಾಕಿದರಾಯಿತು, ಔಷಧ ಅದೇ ಗಳಿಗೆ ಶುರುವಾಗಲಿ. ಟೈಫಾಯ್ಡ್ ಜ್ವರ ಸರಿಯಾದ ಔಷಧ ಬಿದ್ದ ಮೇಲೂ ಇಳಿಯಲು ನಾಲ್ಕೈದು ದಿನ, ಕೆಲವೊಮ್ಮೆ ವಾರ ತೆಗೆದುಕೊಳ್ಳುತ್ತದೆ. ಮೂರನೆಯ ದಿನ ಮನೆಯವರು ಬೇಸತ್ತು ಡಾಕ್ಟರನ್ನು ಬದಲಾಯಿಸುವುದು, ಹೊಸ ಡಾಕ್ಟರು ಇಂಜೆಕ್ಷನ್ ಬದಲಾಯಿಸುವುದು ಆಗಲೇ. ಆ ಹೊತ್ತಿಗೆ ಸರಿಯಾಗಿ ಬರುವ ಕಲ್ಚರ್ ರಿಪೋರ್ಟು ‘ಈ ಔಷಧಕ್ಕೆ ಬಗ್ಗುತ್ತದೆ, ತಾಳಿ’ ಎಂದರೆ ಅದಕ್ಕಿಂತ ಉಪಯುಕ್ತವಾದ ಮಾತು ಇನ್ನೊಂದಿಲ್ಲ. ಖರ್ಚಿನ ತಕರಾರು ಇದಕ್ಕಿಂತ ತೂಕದ್ದು. ಕಲ್ಚರ್ ವಿಡಾಲ್‌ಗಿಂತ ಹಲವು ಪಟ್ಟು ದುಬಾರಿ. ಬೆಚ್ಚಗಿಡುವ ಪೆಟ್ಟಿಗೆ, ಶುದ್ಧ ಮಾಧ್ಯಮ, ಪ್ರತಿದಿನ ತಟ್ಟೆ ನೋಡಬಲ್ಲ ತರಬೇತಾದ ಕಣ್ಣು ಬೇಕು, ಇವು ಎಲ್ಲ ತಾಲ್ಲೂಕುಗಳಲ್ಲಿ ಇಲ್ಲ. ಒಪ್ಪುವೆ. ಆದರೆ ವಿಡಾಲ್‌ನ ಬೆಲೆಗೆ, ಅದು ಬರೆಸಿದ ಬೇಡದ ಏಳು ದಿನಗಳ ಇಂಜೆಕ್ಷನ್ನು, ಹಾಸಿಗೆ, ಕಳೆದ ಕೂಲಿ ಇವನ್ನೂ ಸೇರಿಸಿ ಲೆಕ್ಕ ಹಾಕಬೇಕಲ್ಲ. ಅಗ್ಗವೆಂದು ಕೊಂಡ ಎಮ್ಮೆ ಹಿಂಡದಿದ್ದರೆ ಮೇವಿನ ಖರ್ಚು ಯಾರ ತಲೆಗೆ?

ಕಲ್ಚರ್ ಕೂಡ ಎಷ್ಟೋ ರೋಗಿಗಳನ್ನು ತಪ್ಪಿಸುತ್ತದಲ್ಲ ಎಂಬ ಮಾತು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ನಿಜ. ಟೈಫಾಯ್ಡ್ ಇರುವ ಹತ್ತು ಜನರ ರಕ್ತದಲ್ಲಿ ಆರರಲ್ಲಷ್ಟೇ, ಕೆಲವು ಕಡೆ ಅದಕ್ಕೂ ಕಡಿಮೆ ಜನರಲ್ಲಿ ಅದು ರೋಗಾಣುವನ್ನು ಹಿಡಿಯುತ್ತದೆ. ಮೂಳೆಮಜ್ಜೆಯ ಕಲ್ಚರ್ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಜನರಲ್ಲಿ ಹಿಡಿಯುತ್ತದೆ, ಆಂಟಿಬಯೋಟಿಕ್ ಶುರುವಾದ ಮೇಲೂ ಹಿಡಿಯುತ್ತದೆ. ಆದರೆ ಜ್ವರ ಬಂದವರೆಲ್ಲರ ಮೂಳೆಗೆ ಸೂಜಿ ಚುಚ್ಚುವುದು ಆಗದ ಮಾತು. ಹಾಗಿದ್ದರೆ ಹಿಡಿಯದ ಬಲೆಗಿಂತ ಸುಳ್ಳು ಹೇಳುವ ಚೀಟಿಯೇ ವಾಸಿ ಎನ್ನೋಣವೇ? ಎರಡರ ತಪ್ಪೂ ಒಂದೇ ಬಗೆಯದಲ್ಲ. ಕಲ್ಚರ್ ‘ಸಿಕ್ಕಲಿಲ್ಲ’ ಎಂದಾಗ ವೈದ್ಯರ ಬುದ್ಧಿಗೆ ಕೆಲಸ ಉಳಿದಿರುತ್ತದೆ. ‘ಸಿಕ್ಕಿತು’ ಎಂದಾಗ ಅನುಮಾನಕ್ಕೆ ಎಡೆಯೇ ಇರುವುದಿಲ್ಲ. ವಿಡಾಲ್‌ನ ‘ಇದೆ’ ಮತ್ತು ‘ಇಲ್ಲ’ ಎರಡೂ ಅನುಮಾನದಲ್ಲೇ ನಿಲ್ಲುತ್ತವೆ. ಮೇಲಾಗಿ ಕಲ್ಚರ್‌ನ ಕೊರತೆಗೆ ಕಾರಣ ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ. ಮಿಲಿಲೀಟರಿಗೆ ಒಂದೇ ಬ್ಯಾಕ್ಟೀರಿಯಾ ಇರುವಾಗ ಎರಡು ಮಿಲಿಲೀಟರ್ ರಕ್ತ ತೆಗೆದು ಹುಡುಕಿದರೆ ಸಿಗುವುದು ಅದೃಷ್ಟ. ದೊಡ್ಡವರಲ್ಲಿ ಹತ್ತು ಮಿಲಿಲೀಟರ್ ಬೇಕು. ಮೆಡಿಕಲ್ ಶಾಪಿನಲ್ಲಿ ಎರಡು ದಿನ ಮಾತ್ರೆ ತಿಂದು ಬಂದವರಲ್ಲಿ ಬ್ಯಾಕ್ಟೀರಿಯಾ ಸತ್ತೋ ಸೊರಗಿಯೋ ಇರುತ್ತದೆ.

ಇಲ್ಲಿ ಒಂದು ಮಾತನ್ನು ಬೇರ್ಪಡಿಸಬೇಕು. ನಾನು ಪ್ರತಿಯೊಂದು ಹೊಟ್ಟೆಕೆಟ್ಟ ಪ್ರಕರಣಕ್ಕೂ ಕಲ್ಚರ್ ಬೇಕೆನ್ನುತ್ತಿಲ್ಲ. ಭೇದಿಯಾದವರಿಗೆ ಮುಖ್ಯವಾಗಿ ಬೇಕಾದದ್ದು ನೀರು, ಉಪ್ಪು, ಸಕ್ಕರೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನ್‌ಗಾಂವ್ ಶಿಬಿರದಲ್ಲಿ ದಿಲೀಪ್ ಮಹಲನೊಬಿಸ್ ಯಾವ ಕಲ್ಚರಿಗೂ ಕಾಯದೆ ಓಆರ್‌ಎಸ್ ಕುಡಿಸಿಯೇ ಕಾಲರಾ ಸಾವುಗಳನ್ನು ತಗ್ಗಿಸಿದರು. ರಕ್ತಭೇದಿ, ಬಿಡದ ಜ್ವರ, ಒಂದೇ ಊರಿನಲ್ಲಿ ಹತ್ತಾರು ಜನ ಒಟ್ಟಿಗೆ ಮಲಗಿದ್ದು, ಇಂಥ ಕಡೆ ಮಾತ್ರ ಹೆಸರು ಬೇಕು. ಕೆಲವೊಮ್ಮೆ ಹೆಸರು ಬೇಕಾಗುವುದು ಔಷಧ ಕೊಡದಿರಲಿಕ್ಕೆ. ರಕ್ತಭೇದಿ ತರುವ ಈ. ಕೋಲಿ ಓ157:ಎಚ್7 ತಳಿಯಲ್ಲಿ ಆಂಟಿಬಯೋಟಿಕ್ ಕೊಟ್ಟರೆ ಮೂತ್ರಪಿಂಡ ಕೈಕೊಡುವ ಅಪಾಯ ಹೆಚ್ಚಬಹುದೆಂಬ ಆತಂಕ ವೈದ್ಯರಿಗಿದೆ. ಶಿಗೆಲ್ಲಾದಿಂದ ಬಂದ ತೀವ್ರ ಆಮಶಂಕೆಯಲ್ಲಿ ಕೊಡದಿದ್ದರೆ ಅಪಾಯ. ನೋಡಲು ಎರಡೂ ರಕ್ತಭೇದಿಯೇ.

ಇನ್ನು ಹೊಸ ಯಂತ್ರಗಳ ವಾದ. ಮಲದ ಒಂದು ಹನಿ ಹಾಕಿದರೆ ಇಪ್ಪತ್ತಕ್ಕೂ ಹೆಚ್ಚು ರೋಗಾಣುಗಳ ಡಿಎನ್‌ಎಯನ್ನು ಸುಮಾರು ಒಂದು ಗಂಟೆಯಲ್ಲಿ ಹುಡುಕಿಕೊಡುವ ಪಿಸಿಆರ್ ಪೆಟ್ಟಿಗೆ ಬಂದಿರುವಾಗ ಅಗರ್ ತಟ್ಟೆಯ ಹಂಗೇಕೆ? ಪೆಟ್ಟಿಗೆ ಒಳ್ಳೆಯದೇ, ಪಟ್ಟಿಯಲ್ಲಿರುವುದನ್ನು ಅದು ಚೆನ್ನಾಗಿ ಹುಡುಕುತ್ತದೆ. ಪಟ್ಟಿಯಲ್ಲಿಲ್ಲದ್ದನ್ನು ಕೇಳಬೇಡಿ. ಈ ಮಾತು ಹಳೆಯ ಪರೀಕ್ಷೆಗಳಿಗೂ ಅಷ್ಟೇ ಅನ್ವಯಿಸುತ್ತದೆ, ಕಲ್ಚರ್‌ಗೂ. ಥಿಯೊಡೋರ್ ಎಶರಿಕ್ 1886ರಲ್ಲೇ ಭೇದಿಯಿಂದ ಸತ್ತ ಶಿಶುಗಳ ಕರುಳಿನಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾ ಕಂಡಿದ್ದರು, ಬೆಳೆಸಲು ಆಗಿರಲಿಲ್ಲ. ಅದು ಕ್ಯಾಂಪೈಲೊಬ್ಯಾಕ್ಟರ್ ಎಂದು ಈಗ ತಿಳಿದಿದೆ. ಅದಕ್ಕೆ 42 ಡಿಗ್ರಿ ಶಾಖ, ಕಡಿಮೆ ಆಮ್ಲಜನಕ, ವಿಶೇಷ ಮಾಧ್ಯಮ ಬೇಕು ಎಂದು ಗೊತ್ತಾಗಿ, 1977ರಲ್ಲಿ ಇಂಗ್ಲೆಂಡಿನ ಮಾರ್ಟಿನ್ ಸ್ಕಿರೋ ಸರಳ ವಿಧಾನ ಕೊಡುವವರೆಗೆ, ಜಗತ್ತಿನಲ್ಲಿ ಅತಿ ಹೆಚ್ಚು ಭೇದಿ ತರುವ ಬ್ಯಾಕ್ಟೀರಿಯಾಗಳಲ್ಲಿ ಒಂದು ಬಹುಪಾಲು ಲ್ಯಾಬುಗಳ ಕಣ್ಣಿಗೆ ಬಿದ್ದೇ ಇರಲಿಲ್ಲ. 1992ರ ಕೊನೆಯಲ್ಲಿ ಮದ್ರಾಸಿನಲ್ಲಿ ಕಾಲರಾ ಥರವೇ ಇದ್ದ ವಾಂತಿಭೇದಿ ಹಬ್ಬಿತು. ತಟ್ಟೆಯಲ್ಲಿ ಕಾಲರಾದ ಹಾಗೆಯೇ ಹಳದಿ ಚುಕ್ಕೆಗಳು ಬೆಳೆದವು, ಆದರೆ ಕಾಲರಾದ ಓ1 ಸೀರಮ್ಮಿಗೆ ಅದು ಗುಪ್ಪೆಗಟ್ಟಲಿಲ್ಲ. ಅಲ್ಲಿಯವರೆಗಿನ ನಿಯಮದಂತೆ ಅದು ‘ಕಾಲರಾ ಅಲ್ಲ’. ಗೊತ್ತಿದ್ದ 138 ಸೀರಮ್ಮುಗಳಲ್ಲಿ ಒಂದಕ್ಕೂ ಸ್ಪಂದಿಸದ ಅದಕ್ಕೆ 139 ಎಂಬ ಹೊಸ ಸಂಖ್ಯೆ ಕೊಟ್ಟು, ಅದೂ ಕಾಲರಾವೇ ಎಂದು ಜಗತ್ತು ಒಪ್ಪಿತು. ಬ್ಯಾಕ್ಟೀರಿಯಾ ಕೈಯಲ್ಲಿ ಜೀವಂತವಾಗಿ ಇದ್ದುದರಿಂದ ಹೊಸ ಪ್ರಶ್ನೆ ಕೇಳಲು ಸಾಧ್ಯವಾಯಿತು.

2011ರ ಜರ್ಮನಿಯ ಪ್ರಕರಣ ಇದನ್ನು ಇನ್ನೂ ಕಟುವಾಗಿ ತೋರಿಸಿತು. ಮೇ ತಿಂಗಳಲ್ಲಿ ರಕ್ತಭೇದಿ ಹಬ್ಬಿ ಸುಮಾರು 3,800 ಜನ ಮಲಗಿದರು, 50ಕ್ಕೂ ಹೆಚ್ಚು ಜನ ಸತ್ತರು. ವಿಷಕಾರಿ ಈ. ಕೋಲಿ ಹುಡುಕಲು ಬಹಳಷ್ಟು ಲ್ಯಾಬುಗಳು ನೆಚ್ಚಿದ್ದ ಮಾಧ್ಯಮ, ಸಾರ್ಬಿಟಾಲ್ ಎಂಬ ಸಿಹಿಯನ್ನು ತಿನ್ನದ ಓ157ಗಾಗಿ ಮಾಡಿದ್ದು. ಈ ಹೊಸ ಓ104:ಎಚ್4 ಸಾರ್ಬಿಟಾಲ್ ತಿನ್ನುತ್ತಿತ್ತು, ಹಾಗಾಗಿ ಆ ತಟ್ಟೆಯಲ್ಲಿ ಸಾಧು ಈ. ಕೋಲಿಯಂತೆಯೇ ಕಾಣುತ್ತಿತ್ತು. ಹ್ಯಾಂಬರ್ಗಿನ ಅಧಿಕಾರಿಗಳು ಸ್ಪೇನಿನ ಸೌತೆಕಾಯಿಯ ಮೇಲೆ ವಿಷಕಾರಿ ಈ. ಕೋಲಿ ಸಿಕ್ಕಿತೆಂದು ಪ್ರಕಟಿಸಿದರು. ಸಿಕ್ಕಿದ್ದು ಹೌದು, ಆದರೆ ಅದೇ ತಳಿಯಲ್ಲ. ಅಷ್ಟರಲ್ಲಿ ಸ್ಪೇನಿನ ರೈತರ ತರಕಾರಿ ಹೊಲದಲ್ಲೇ ಕೊಳೆತಿತ್ತು. ಕೊನೆಗೆ ಗುಟ್ಟು ಸಿಕ್ಕಿದ್ದು ಈಜಿಪ್ಟಿನಿಂದ ಬಂದ ಮೆಂತ್ಯದ ಬೀಜದಿಂದ ಬೆಳೆಸಿದ ಮೊಳಕೆಯಲ್ಲಿ. ಕುಲದ ಹೆಸರು ಗೊತ್ತಾದರೆ ಸಾಲದು, ಆ ವ್ಯಕ್ತಿಯೇ ಹೌದೋ ಎಂದು ನೋಡಬೇಕು ಎಂಬುದಕ್ಕೆ ಇದಕ್ಕಿಂತ ದುಬಾರಿ ಪಾಠ ಬೇಕಿಲ್ಲ. ರೋಗಾಣುವನ್ನು ಬೆಳೆಸಿಟ್ಟಿದ್ದರಿಂದಲೇ ಚೀನಾ ಮತ್ತು ಜರ್ಮನಿಯ ವಿಜ್ಞಾನಿಗಳು ಕೆಲವೇ ದಿನಗಳಲ್ಲಿ ಅದರ ಜೀನೋಮ್ ಓದಿ ಪ್ರಕಟಿಸಲು ಸಾಧ್ಯವಾಯಿತು. ಅಮೆರಿಕದಲ್ಲಿ ಪಿಸಿಆರ್ ಪೆಟ್ಟಿಗೆಗಳು ಹೆಚ್ಚಿದಂತೆ, ಪಾಸಿಟಿವ್ ಬಂದ ಮಲವನ್ನು ಮತ್ತೆ ಕಲ್ಚರ್‌ಗೂ ಹಾಕಿ ಎಂದು ಆರೋಗ್ಯ ಇಲಾಖೆ ದುಂಬಾಲು ಬೀಳುತ್ತಿರುವುದೂ ಇದಕ್ಕೇ. ಟೈಫಾಯ್ಡ್ ರೋಗಿಯ ರಕ್ತದಲ್ಲಂತೂ ಮಿಲಿಲೀಟರಿಗೊಂದು ಬ್ಯಾಕ್ಟೀರಿಯಾ ಎಂಬ ಕೊರತೆ ಪಿಸಿಆರ್ ಅನ್ನೂ ಕಾಡುತ್ತದೆ.

ಟೈಫಾಯ್ಡ್ ನಮ್ಮಲ್ಲಿ ಇಲ್ಲವೆಂದು ಇದರ ಅರ್ಥವಲ್ಲ. ದೆಹಲಿ, ಕೋಲ್ಕತ್ತಾ, ವೆಲ್ಲೂರು ಮತ್ತು ಪುಣೆ ಬಳಿಯ ಹಳ್ಳಿಗಳಲ್ಲಿ 2017ರಿಂದ ಮಕ್ಕಳನ್ನು ಹಿಂಬಾಲಿಸಿ, ಜ್ವರ ಬಂದಾಗ ರಕ್ತ ಕಲ್ಚರ್ ಮಾಡಿದ ದೊಡ್ಡ ಅಧ್ಯಯನವೊಂದು ಮೂರು ನಗರಗಳಲ್ಲಿ ವರ್ಷಕ್ಕೆ ಒಂದು ಲಕ್ಷ ಮಕ್ಕಳಲ್ಲಿ 500ಕ್ಕೂ ಹೆಚ್ಚು ಟೈಫಾಯ್ಡ್ ಪ್ರಕರಣ ಕಂಡಿತು. ಪುಣೆಯ ಹಳ್ಳಿಗಳಲ್ಲಿ ಕಂಡಿದ್ದು 35. ಒಂದೇ ದೇಶ, ಒಂದೇ ಪರೀಕ್ಷೆ, ಹದಿನೈದು ಪಟ್ಟಿಗೂ ಮೀರಿದ ಅಂತರ. ವಿಡಾಲ್ ಎರಡೂ ಕಡೆ ಧಾರಾಳವಾಗಿ ಪಾಸಿಟಿವ್ ಬರೆಯುತ್ತಿತ್ತು. ಒಳ್ಳೆಯ ಲಸಿಕೆ ಇದೆ, ಅದು ತಯಾರಾಗುವುದೂ ನಮ್ಮ ಹೈದರಾಬಾದಿನಲ್ಲೇ. ನವಿ ಮುಂಬೈ ಮಹಾನಗರಪಾಲಿಕೆ 2018ರಲ್ಲಿ ಅದನ್ನು ಮಕ್ಕಳಿಗೆ ಕೊಟ್ಟಿತು, ಸಿಂಧ್ 2019ರಲ್ಲಿ. ಯಾವ ಊರಿಗೆ ಮೊದಲು ಲಸಿಕೆ, ಯಾವ ಊರಿಗೆ ಮೊದಲು ಒಳಚರಂಡಿ ಎಂದು ಲೆಕ್ಕ ಹಾಕಲು ಬೇಕಾದದ್ದು ಪುಣೆ ಮತ್ತು ವೆಲ್ಲೂರಿನಂಥ ಸಂಖ್ಯೆ. ಮಕ್ಕಳನ್ನು ಹೀಗೆ ಹಿಂಬಾಲಿಸಿದ ಆ ನಾಲ್ಕು ಕಡೆಗಳಲ್ಲಿ ಕರ್ನಾಟಕದ ಊರಿಲ್ಲ. ಬಳ್ಳಾರಿ, ಕಲಬುರಗಿ, ರಾಯಚೂರುಗಳಲ್ಲಿ ‘ವಿಡಾಲ್ ಪಾಸಿಟಿವ್’ ಚೀಟಿಗಳಿಗೆ ಬರವಿಲ್ಲ. ಮೊದಲ ಮಾತ್ರೆಗೆ ಮುಂಚೆ ತೆಗೆದ ಹತ್ತು ಮಿಲಿಲೀಟರ್ ರಕ್ತಕ್ಕೆ ಇದೆ.